ಒಂದರಿಂದ ನಾಲ್ಕರವರೆಗೆ ಬಂದ್

ಐಫೆಲ್ ಗೋಪುರ ಹೇಗಿದೆ ಎಂದು ಕೇಳುವವರಿಗೆ ಮೊದಲೇ ಹೇಳಿಬಿಡುತ್ತೇನೆ, ನಾವು ಅದನ್ನು ನೋಡಲಿಲ್ಲ. ಪ್ಯಾರಿಸ್ಸಿನಲ್ಲಿ ನಾವು ಕಂಡದ್ದು ವಿಮಾನ ನಿಲ್ದಾಣ ಮತ್ತು ರೈಲು ನಿಲ್ದಾಣ, ಅದೂ ಸೈಕಲ್ಲಿನ ಡಬ್ಬ ಹೊತ್ತುಕೊಂಡು ಓಡುತ್ತ. ಉಳಿದ ಫ್ರಾನ್ಸೆಂದರೆ ನಮ್ಮ ಪಾಲಿಗೆ ಗುಡ್ಡ, ಬಿಳಿ ದನ, ಸ್ಮಶಾನದ ನಲ್ಲಿ ಮತ್ತು ಬಾಗಿಲು ಹಾಕಿದ ಒಂದು ಬ್ರೆಡ್ಡಿನ ಅಂಗಡಿ. ಆ ಅಂಗಡಿಯ ಬಾಗಿಲನ್ನು ಮಾತ್ರ ಚೆನ್ನಾಗಿ ನೋಡಿದ್ದೇನೆ. ಅದರ ಹಿಡಿಕೆಯ ಮೇಲಿನ ತುಕ್ಕನ್ನೂ ವರ್ಣಿಸಬಲ್ಲೆ.

ನಾವು ಎಂದರೆ ನಾನು ಮತ್ತು ರಾಘು ಕಾಕಾ. ನಮ್ಮಪ್ಪನ ತಮ್ಮ. ಮನೆ ಪುಣೆಯ ಚಿಂಚವಾಡದಲ್ಲಿ, ನೌಕರಿ ದೇಹೂ ರೋಡಿನಲ್ಲಿ, ಸೈನ್ಯದ ಸಾಮಾನಿನ ಉಗ್ರಾಣದಲ್ಲಿ ಗುಮಾಸ್ತ. ನಾನು ಅವನ ಅಣ್ಣನ ಮಗ ಮಂಜುನಾಥ, ಮನೆಯಲ್ಲಿ ಮಂಜ್ಯಾ. ಹೊಟ್ಟೆಪಾಡಿಗೆ ಕಾಲ್ ಸೆಂಟರಿನಲ್ಲಿ ಅಮೆರಿಕದವರಂತೆ ಮಾತಾಡುತ್ತಿದ್ದೆ. ಹೊಟ್ಟೆ ತುಂಬಿದ ಮೇಲೆ ಯಾರಂತೆ ಬೇಕಾದರೂ ಮಾತಾಡುತ್ತಿದ್ದೆ. ಕಾಕಾ ನಡೆಯುವಂತೆ, ಅವನ ಹೆಂಡತಿ ಸುಧಾ ಕಾಕು ಬೈಯುವಂತೆ, ನಮ್ಮಪ್ಪ ನಾಲ್ಕು ಸಲ ಕೆಮ್ಮಿ ಒಂದು ಸುಳ್ಳು ಹೇಳುವಂತೆ ನಾನು ಮಾಡಿ ತೋರಿಸದೆ ನಮ್ಮ ಮನೆಯಲ್ಲಿ ಯಾವ ಹಬ್ಬವೂ ಮುಗಿಯುತ್ತಿರಲಿಲ್ಲ.

ಹೋದದ್ದು ಒಂದು ಸೈಕಲ್ ಓಟಕ್ಕೆ. ದಕ್ಷಿಣದ ಸಮುದ್ರದಿಂದ ಉತ್ತರದ ಸಮುದ್ರದವರೆಗೆ, ಫ್ರಾನ್ಸನ್ನು ಕೆಳಗಿನಿಂದ ಮೇಲಕ್ಕೆ ಸೀಳಿಕೊಂಡು ಹೋಗುವ ದಾರಿ. ಹಿಂದೆ ಗಾಡಿ ಬರುವ ಹಾಗಿಲ್ಲ, ಗುರುತಿನವರಿಂದ ಏನೂ ತೆಗೆದುಕೊಳ್ಳುವ ಹಾಗಿಲ್ಲ. ಊಟ, ನಿದ್ದೆ, ರಿಪೇರಿ ಎಲ್ಲ ನಿನ್ನದು. ಎಲ್ಲರಿಗೂ ತೆರೆದಿರುವ ಅಂಗಡಿಯಲ್ಲಿ ಕೊಂಡು ತಿನ್ನಬಹುದು, ಅಷ್ಟೆ. ದಾರಿಯಲ್ಲಿ ಕೆಲವು ಠಾಣೆಗಳು, ಹೊತ್ತು ಮೀರುವುದರೊಳಗೆ ಮುಟ್ಟಿ ಕಾರ್ಡಿಗೆ ಮುದ್ರೆ ಒತ್ತಿಸಿಕೊಳ್ಳಬೇಕು. ಒಂದು ಠಾಣೆ ತಪ್ಪಿದರೆ ಆಟ ಮುಗಿಯಿತು.

ಕಾತ್ರಜ

ಪುಣೆ ಒಂದು ಕಾಲಕ್ಕೆ ಸೈಕಲ್ಲುಗಳ ಊರು. ನಾನು ಶಾಲೆಗೆ ಹೋಗುವಾಗಲೂ ಬೆಳಿಗ್ಗೆ ರಸ್ತೆಯ ತುಂಬ ಗಂಟೆಯ ಸದ್ದಿರುತ್ತಿತ್ತು. ಆಮೇಲೆ ಏನಾಯಿತೋ, ನೋಡುನೋಡುತ್ತ ಊರಿಗೆ ಊರೇ ಸ್ಕೂಟರ್ ಹತ್ತಿತು. ಮುಖಕ್ಕೆ ದುಪಟ್ಟಾ ಸುತ್ತಿಕೊಂಡ ಹುಡುಗಿಯರಿಂದ ಹಿಡಿದು ಪೂಜೆಗೆ ಹೊರಟ ಭಟ್ಟರವರೆಗೆ ಎಲ್ಲರ ಅಡಿಯಲ್ಲೂ ಒಂದೊಂದು ಗಾಡಿ. ಕಾಕಾ ಮಾತ್ರ ಸೈಕಲ್ ಇಳಿಯಲಿಲ್ಲ. ನೆಂಟರ ಮದುವೆಗೂ ಪ್ಯಾಂಟಿನ ಕಾಲಿಗೆ ಕ್ಲಿಪ್ಪು ಹಾಕಿಕೊಂಡು ಸೈಕಲ್ಲಿನಲ್ಲೇ ಬರುತ್ತಿದ್ದ. "ಏನ್ ರಾಘುರಾವ್, ಗಾಡಿ ಯಾವಾಗ ತಗೋತೀರಿ?" ಎಂದು ಕೇಳದ ನೆಂಟನಿಲ್ಲ. ಕಾಕಾ ನಗುತ್ತಿದ್ದ. ಆ ನಗುವನ್ನು ನಾನು ಬಹಳ ಚೆನ್ನಾಗಿ ನಕಲು ಮಾಡುತ್ತಿದ್ದೆ, ಕೆಳತುಟಿ ಒಂದಿಷ್ಟು ಒಳಗೆ ಎಳೆದುಕೊಂಡು.

ಆ ಓಟದ ಸುದ್ದಿ ತಂದವನು ನಾನೇ. ರಾತ್ರಿ ಪಾಳಿಯಲ್ಲಿ ಕೆಲಸವಿಲ್ಲದಾಗ ಕಂಪ್ಯೂಟರಿನಲ್ಲಿ ಕಂಡದ್ದನ್ನು ಚೇಷ್ಟೆಗೆ ಹೇಳಿದೆ. ಕಾಕಾ ಅದನ್ನು ಚೇಷ್ಟೆಯೆಂದು ತೆಗೆದುಕೊಳ್ಳಲಿಲ್ಲ.

"ಮಂಜ್ಯಾ, ಸೈಕಲ್ ಅಂದ್ರ ಗಾಡಿ ತಗೊಳ್ಳಿಕ್ಕೆ ಆಗದವರದು ಅಂತ ತಿಳಕೊಂಡಾರ ಇವರೆಲ್ಲಾ. ಅಲ್ಲಿ ಒಂದ್ಸಲ ಆ ಕಡೆ ದಂಡಿಗೆ ಮುಟ್ಟಿ ಬಂದ್ರ ಸಾಕು. ಆಮ್ಯಾಲೆ ಯಾರಿಗೂ ಏನೂ ಹೇಳೂದು ಬ್ಯಾಡ."

ಹೀಗೆ ಎರಡು ವರ್ಷದ ತಾಲೀಮು ಶುರುವಾಯಿತು. ರವಿವಾರ ನಸುಕಿಗೆ ಕಾತ್ರಜದ ಬಸ್ ಸ್ಟ್ಯಾಂಡಿನ ಮುಂದೆ ಸೇರಬೇಕು. ನಾನಿರುವ ಕೊಂಢವಾದಿಂದ ಕಾತ್ರಜ ಹಿತ್ತಲಿದ್ದಂತೆ. ಆದರೂ ತಡವಾಗಿ ಬರುತ್ತಿದ್ದವನು ನಾನೇ. ಕಾಕಾ ಅಷ್ಟು ಹೊತ್ತಿಗೆ ಚಿಂಚವಾಡದಿಂದ ಇಡೀ ಪುಣೆ ದಾಟಿ ಬಂದು, ಟೀ ಕುಡಿದು, ಕರ್ನಾಟಕದ ಬಸ್ಸುಗಳ ಬೋರ್ಡು ಓದುತ್ತ ನಿಂತಿರುತ್ತಿದ್ದ. ಮುಂದೆ ಘಾಟು. ಕಾಕಾನದು ಒಂದೇ ಲಯ, ಮಗ್ಗದ ಹಾಗೆ. ನಾನು ವಡಾಪಾವಿನಿಂದ ಕಟ್ಟಿದ ದೇಹ. ಮೊದಲ ತಿರುವಿನಲ್ಲಿ ಹಾಡು, ಎರಡನೆಯದರಲ್ಲಿ ಮೌನ, ಮೂರನೆಯದರಲ್ಲಿ ಕುಲದೇವರು.

ಕೊಂಢವಾ

ಸೈಕಲ್ಲಿಗೆ ಕಟ್ಟುವ ಚೀಲಗಳನ್ನು ಹೊಲಿದುಕೊಟ್ಟವರು ನಮ್ಮ ಓಣಿಯಲ್ಲಿ ರಿಕ್ಷಾಗಳಿಗೆ ರೆಕ್ಸಿನ್ ಸೀಟು ಹೊಲಿಯುವ ಶೇಖ್ ಚಾಚಾ. ವಿದೇಶದ ಚೀಲಗಳ ಚಿತ್ರ ತೋರಿಸಿದೆವು. ಚಾಚಾ ಅದನ್ನು ತಿರುಗಿಸಿ ನೋಡಿ, "ಇದು ಕತ್ತೆಯ ಮೇಲಿನ ಗೋಣಿಚೀಲ, ಇದಕ್ಕೆ ಚಿತ್ರ ಯಾಕೆ?" ಎಂದು ಹಿಂದಿಯಲ್ಲಿ ಕೇಳಿದರು. ಚೀಲಗಳು ಬಂದವು, ಹಿಂಬದಿಗೆ ಕೆಂಪು ಜಾಲರಿ ಸಮೇತ. ಫ್ರಾನ್ಸಿನಲ್ಲಿ ನಮ್ಮಿಬ್ಬರ ಸೈಕಲ್ಲು ರಿಕ್ಷಾದ ಸಂತಾನದಂತೆ ಕಾಣುತ್ತಿದ್ದದ್ದಕ್ಕೆ ಇದೇ ಕಾರಣ.

ಭಾರ ಇಳಿಸುವುದೇ ತಯಾರಿಯ ಅರ್ಧ ಭಾಗ ಎಂದು ಎಲ್ಲೋ ಓದಿದ್ದೆವು. ಕಾಕಾ ಹಲ್ಲುಜ್ಜುವ ಬ್ರಷ್ಷಿನ ಹಿಡಿಯನ್ನು ಅರ್ಧಕ್ಕೆ ಮುರಿದ. ಸುಧಾ ಕಾಕು ಅದನ್ನು ನೋಡಿ, "ಹಲ್ಲೂ ಅರ್ಧಾನೇ ತಿಕ್ಕೋರಿ, ಇನ್ನೂ ಹಗರ ಆಗ್ತೀರಿ," ಎಂದಳು. ಅವಳು ಮಾಡಿಟ್ಟ ಶೇಂಗಾ ಹೋಳಿಗೆಯ ಡಬ್ಬ ತೂಕದ ಪರೀಕ್ಷೆಯಲ್ಲಿ ನಾಪಾಸಾಯಿತು. ಒಂದು ಪೊಟ್ಟಣ ಚಟ್ನಿಪುಡಿ ಮಾತ್ರ ಪಾಸಾಯಿತು.

"ಅಲ್ಲೇನು ತಿಂತೀರಿ?"

"ಕಾಕು, ಅದು ಫ್ರಾನ್ಸ್. ಬ್ರೆಡ್ಡಿನ ತವರುಮನಿ," ಎಂದೆ ನಾನು.

ಎಲ್ಲಕ್ಕಿಂತ ಕಷ್ಟವಾದದ್ದು ಕಾಕಾನ ಆಫೀಸಿನ ಅನುಮತಿ. ಸೈನ್ಯದ ಉಗ್ರಾಣದ ನೌಕರ ದೇಶ ಬಿಟ್ಟು ಹೋಗಬೇಕಾದರೆ ಮೇಲಿನವರೆಲ್ಲ ಒಪ್ಪಬೇಕು. "ಸೈಕಲ್ ಚಾಲವಾಯಲಾ ಪರದೇಶಾತ್?" ಎಂದು ಸಾಹೇಬರು ಮರಾಠಿಯಲ್ಲಿ ಕೇಳಿದರಂತೆ, ಸೈಕಲ್ ಹೊಡೆಯಲಿಕ್ಕೆ ಪರದೇಶಕ್ಕಾ ಎಂದು. ಕಾಕಾ ಹೌದೆಂದ. ಕಾಗದ ತಿಂಗಳುಗಟ್ಟಲೆ ಮೇಜಿನಿಂದ ಮೇಜಿಗೆ ನಡೆದು, ಕೊನೆಗೆ ಇದೊಂದು ಸಲ ಎಂಬ ಷರತ್ತಿನ ಮೇಲೆ ಕೆಳಗಿಳಿಯಿತು. ಆ ದಿನ ಕಾಕಾ ನನಗೆ ಹೇಳಿದ್ದು ಇಷ್ಟೇ: "ಇಂಥಾ ರಜಾನೂ ಮತ್ತ ಸಿಗೂದಿಲ್ಲ, ಇಂಥಾ ಮೊಣಕಾಲೂ ಮತ್ತ ಸಿಗೂದಿಲ್ಲ."

ಸಾತಾರಾ

ಕೊನೆಯ ದೊಡ್ಡ ತಾಲೀಮು ಕೊಲ್ಲಾಪುರದವರೆಗೆ ಹೋಗಿ ಬರುವುದು, ನಿಜವಾದ ಓಟದ ನಿಯಮದಲ್ಲೇ. ಸಾತಾರದಲ್ಲಿ ಕುಸುಮ ಅತ್ಯಾ ಇದ್ದಾಳೆ, ಕಾಕಾನ ಅಕ್ಕ. ಅವಳಿಗೆ ಸುದ್ದಿ ತಿಳಿಸಬಾರದು ಎಂದು ಕಾಕಾ ಕಟ್ಟಪ್ಪಣೆ ಮಾಡಿದ್ದ. ಆದರೂ ಅವಳು ಹೆದ್ದಾರಿಯ ಪಕ್ಕದಲ್ಲಿ ಛತ್ರಿ ಹಿಡಿದು, ಬುತ್ತಿ ಕಟ್ಟಿಕೊಂಡು ನಿಂತಿದ್ದಳು. ಎಳ್ಳು ಹಚ್ಚಿದ ರೊಟ್ಟಿ, ಎಣ್ಣೆಗಾಯಿ, ಮೊಸರು.

"ಅಕ್ಕಾ, ತಿನ್ನಂಗಿಲ್ಲ. ರೂಲ್ಸ್ ಅದ," ಎಂದ ಕಾಕಾ, ಒಂದು ಕಾಲು ನೆಲಕ್ಕೂರಿ.

"ಯಾವ ರೂಲ್ಸೋ ರಾಘ್ಯಾ? ಅಕ್ಕನ ಕೈಯಾಗಿನ ರೊಟ್ಟಿ ತಿನ್ನಬಾರದು ಅಂತ ಬರದಾವ ಯಾರು?"

"ಫ್ರಾನ್ಸಿನವರು."

"ಅವರಿಗೆ ಅಕ್ಕಂದಿರಿಲ್ಲೇನು? ಹೋಗ್ಲಿ, ಮಾರ್ತೀನಿ. ಅಂಗಡ್ಯಾಗ ತಗೋಬಹುದಲ್ಲಾ? ಇದು ನನ್ನ ಅಂಗಡಿ."

"ಎಲ್ಲಾರಿಗೂ ಮಾರಬೇಕಾಗ್ತದ ಅಕ್ಕಾ."

ಅತ್ಯಾ ತಿರುಗಿ, ಪಂಕ್ಚರ್ ಹಾಕಿಸುತ್ತ ನಿಂತಿದ್ದ ಲಾರಿ ಡ್ರೈವರನನ್ನು ಕರೆದು ಅವನ ಕೈಗೆ ಎರಡು ರೊಟ್ಟಿ ಇಟ್ಟಳು. "ನೋಡು, ಆತು. ಎಲ್ಲಾರಿಗೂ ಅದ." ಡ್ರೈವರ್ ನಿಂತಲ್ಲೇ ಎಲ್ಲವನ್ನೂ ಮುಗಿಸಿದ. ಕಾಕಾ ತಿನ್ನಲಿಲ್ಲ. ಅರ್ಧ ಮೈಲು ಹೋಗಿ ಯಾವುದೋ ಹೋಟೆಲಿನಲ್ಲಿ ತಣ್ಣಗಿನ ಮಿಸಳ್ ಕೊಂಡು ತಿಂದೆವು. ಅತ್ಯಾ ದೀಪಾವಳಿಯವರೆಗೆ ಮಾತು ಬಿಟ್ಟಳು. ನಾನಂತೂ ಅವಳ ಛತ್ರಿ ಹಿಡಿದ ನಿಲುವನ್ನು ಊರೆಲ್ಲ ಮಾಡಿ ತೋರಿಸಿದೆ.

ಇಷ್ಟು ಕಟ್ಟುನಿಟ್ಟಾಗಿದ್ದವರಿಗೆ ಹೊಳೆಯದ ಒಂದು ಸಂಗತಿಯಿತ್ತು. ಆ ಹೆದ್ದಾರಿಯಲ್ಲಿ ನಾವು ಒಂದು ದಿನವೂ ಹಸಿದಿರಲಿಲ್ಲ. ಯಾವ ಹೊತ್ತಿಗೆ ನೋಡಿದರೂ ಮುಂದೆ ಒಂದು ದೀಪ, ಒಂದು ಸ್ಟೋವು, ಒಬ್ಬ ಟೀಯವನು. "ಮುಂದಿನ ಹೋಟೆಲಿನಾಗ ತಿನ್ನೂಣು" ಎಂಬುದು ನಮ್ಮ ಬಾಯಲ್ಲಿ ನಂಬಿಕೆಯಾಗಿ ಕೂತಿತ್ತು. ಎರಡು ವರ್ಷ ನಾವು ಎಲ್ಲವನ್ನೂ ರೂಢಿ ಮಾಡಿಕೊಂಡೆವು. ಮುಚ್ಚಿದ ಅಂಗಡಿಯೊಂದನ್ನು ಬಿಟ್ಟು.

ಸ್ಮಶಾನದ ನಲ್ಲಿ

ಫ್ರಾನ್ಸಿನ ಮೊದಲ ದಿನಗಳು ಸುಖದಲ್ಲೇ ಹೋದವು. ರಸ್ತೆಗಳು ನುಣ್ಣಗೆ. ಕಾರಿನವರು ನಮ್ಮ ಹಿಂದೆ ಹಾರ್ನ್ ಹೊಡೆಯದೆ ತಾಳ್ಮೆಯಿಂದ ಬರುತ್ತಾರೆ. ಕಾಕಾನಿಗೆ ಇದು ಮುಜುಗರ. ಪದೇಪದೇ ಪಕ್ಕಕ್ಕೆ ಸರಿದು, ಹೋಗ್ರಿ ಹೋಗ್ರಿ ಎಂದು ಕೈ ಬೀಸುತ್ತಿದ್ದ. ಅವರು ಅದನ್ನು ನಮಸ್ಕಾರವೆಂದು ತಿಳಿದು ತಾವೂ ಕೈ ಬೀಸುತ್ತಿದ್ದರು.

ಬೇಸಿಗೆ ಅಲ್ಲಿಯೂ ಬೇಸಿಗೆಯೇ. ನೀರು ಬೇಗ ಮುಗಿಯುತ್ತಿತ್ತು. ಒಮ್ಮೆ ಒಬ್ಬ ಎತ್ತರದ ಡಚ್ಚಿನವನು, ನಮ್ಮಂತೆಯೇ ಓಟಗಾರ, ಬನ್ನಿ ಎಂದು ಸನ್ನೆ ಮಾಡಿ ಒಂದು ಕಬ್ಬಿಣದ ಗೇಟಿನೊಳಗೆ ಕರೆದ. ಸ್ಮಶಾನ. ಗೋರಿಯ ಹೂಗಳಿಗೆ ಹಾಕಲೆಂದು ಪ್ರತಿ ಊರಿನ ಸ್ಮಶಾನದಲ್ಲೂ ಒಂದು ನಲ್ಲಿ ಇರುತ್ತದಂತೆ, ಅಲ್ಲಿನ ಸೈಕಲ್ಲಿನವರೆಲ್ಲ ಅದನ್ನೇ ನಂಬುತ್ತಾರಂತೆ.

ನಮ್ಮಲ್ಲಿ ಸ್ಮಶಾನದಿಂದ ಬಂದರೆ ಸ್ನಾನ ಮಾಡಿ ಒಳಗೆ ಬರಬೇಕು. ಇಲ್ಲಿ ಸ್ನಾನದ ನೀರಿಗೂ ಅಲ್ಲಿಗೇ ಹೋಗಬೇಕು. ಕಾಕಾ ಗೇಟಿನ ಹೊರಗೆ ಚಪ್ಪಲಿ ಬಿಡುವವನಂತೆ ತಡವರಿಸಿದ. ಆಮೇಲೆ ಒಳಗೆ ಬಂದು, ಮೊದಲ ಗೋರಿಗೆ ಕೈ ಮುಗಿದು, "ನಿಮ್ಮ ನೀರು ತಗೋತೀವಿರಿ," ಎಂದು ಕನ್ನಡದಲ್ಲಿ ಒಪ್ಪಿಗೆ ಕೇಳಿ ಬಾಟಲಿ ತುಂಬಿಕೊಂಡ. ಡಚ್ಚಿನವನು ಅದನ್ನು ನೋಡಿ ತಾನೂ ಟೋಪಿ ತೆಗೆದ.

"ಕಾಕಾ, ಅವರು ಏನಂದ್ರು?" ಎಂದು ಕೇಳಿದೆ.

"ತಗೋ ಅಂದ್ರು. ನಿನ್ನಂಗ ವಟವಟ ಅನ್ನೂದಿಲ್ಲ ಅವರು."

ರವಿವಾರದ ಊರು

ಆ ರವಿವಾರ ಮುಂಜಾನೆ ಒಂದು ದೊಡ್ಡ ಊರು ದಾಟಿದೆವು. ಅಂಗಡಿಗಳು ತೆರೆದಿದ್ದವು, ಹೊಸ ಬ್ರೆಡ್ಡಿನ ವಾಸನೆ ರಸ್ತೆಯವರೆಗೆ ಬಂದಿತ್ತು. "ಮುಂದಿನ ಊರಾಗ ತಿನ್ನೂಣು," ಎಂದೆ. ಕಾಕಾನೂ ತಲೆಯಾಡಿಸಿದ.

ಮುಂದಿನ ಊರು ಬಂದಾಗ ಮಧ್ಯಾಹ್ನ. ಚರ್ಚಿನ ಮುಂದೆ ಒಂದು ಬ್ರೆಡ್ಡಿನ ಅಂಗಡಿ, ಬಾಗಿಲು ಹಾಕಿತ್ತು. ಗಾಜಿನ ಮೇಲೆ ನಮಗೆ ಓದಲು ಬಾರದ ಸಣ್ಣ ಫಲಕ. ಕಾಕಾ ಗಡಿಯಾರ ನೋಡಿಕೊಂಡ. ಒಂದು ಹೊಡೆದು ಆಗಿತ್ತು. ನಾನು ಅವನ ಮುಖ ನೋಡಿದೆ. ಅವನು ನನ್ನ ಮುಖ ನೋಡಿದ. ಇಬ್ಬರೂ ಒಟ್ಟಿಗೆ ನಕ್ಕೆವು.

ಪುಣೆಯಲ್ಲಿ ಬಾಳಿದವರಿಗೆ ಹೇಳಬೇಕಾಗಿಲ್ಲ. ಮಧ್ಯಾಹ್ನ ಒಂದರಿಂದ ನಾಲ್ಕು ಅಲ್ಲಿನ ಹಳೆಯ ಅಂಗಡಿಗಳು ಬಂದ್. ಬ್ರಹ್ಮದೇವರು ಬಂದು ಬಾಕರವಡಿ ಕೇಳಿದರೂ ನಾಲ್ಕಕ್ಕೆ ಬಾ ಅನ್ನುತ್ತಾರೆ. ನಾನು ಕೂಡಲೇ ಆ ಫಲಕದ ಮುಂದೆ ಪೇಠೆಯ ಅಂಗಡಿಯವನಂತೆ ಹೊಟ್ಟೆ ಮುಂದೆ ಮಾಡಿ ನಿಂತು, ಮೂಗಿನಲ್ಲಿ ಫ್ರೆಂಚಿನ ರಾಗ ಎಳೆದು ಓದಿದೆ: "ಅಂಗಡಿ ಒಂದರಿಂದ ನಾಲ್ಕರವರೆಗೆ ಬಂದ್. ಗಂಟೆ ಬಾರಿಸಬಾರದು. ಬಾರಿಸಿದರೂ ನಾವು ಏಳುವುದಿಲ್ಲ. ವಿಳಾಸ ಕೇಳಬಾರದು, ನಮಗೆ ಗೊತ್ತಿದೆ, ಹೇಳುವುದಿಲ್ಲ."

ಕಾಕಾ ಹೊಟ್ಟೆ ಹಿಡಿದುಕೊಂಡು ನಕ್ಕ. ಮನೆ ಬಿಟ್ಟ ಮೇಲೆ ಅವನು ಅಷ್ಟು ನಕ್ಕದ್ದು ಅದೇ ಮೊದಲು. "ಹೌದಲೇ, ಇವರೂ ನಮ್ಮವರೇ. ಛಲೋ ಆತು, ಒಂದಿಷ್ಟು ಅಡ್ಡಾಗೂಣು. ನಾಲ್ಕಕ್ಕ ಬಿಸಿಬಿಸಿ ತಗೊಂಡು ಗುಡ್ಡ ಹತ್ತೂಣು. ಹೊತ್ತದ."

ಹೊತ್ತು ಇತ್ತು ಎಂಬುದು ನಿಜ. ಗುಡ್ಡದ ಮೇಲಿನ ಠಾಣೆ ಸಂಜೆಗೆ ಮುಚ್ಚುವುದು. ಚರ್ಚಿನ ಪಕ್ಕ ಒಂದು ದೊಡ್ಡ ಮರ. ಕಾಕಾ ಶೇಖ್ ಚಾಚಾನ ಚೀಲ ತಲೆಗಿಟ್ಟುಕೊಂಡು ಮಲಗಿದವನು ಮಗುವಿನಂತೆ ನಿದ್ದೆ ಮಾಡಿದ. ಅಷ್ಟು ದಿನಗಳಲ್ಲಿ ಅಷ್ಟು ಒಳ್ಳೆಯ ನಿದ್ದೆ ಅವನಿಗೆ ಬಂದಿರಲಿಲ್ಲ. ಅದನ್ನು ನೆನೆದಾಗಲೆಲ್ಲ ನನಗೆ ಅಂಗಡಿಯವನ ಮೇಲಿನ ಸಿಟ್ಟು ಅರ್ಧ ಇಳಿಯುತ್ತದೆ.

ಚರ್ಚಿನ ಗಂಟೆ ನಾಲ್ಕು ಹೊಡೆಯಿತು. ಎದ್ದು ಮುಖ ಒರೆಸಿಕೊಂಡು ಬಾಗಿಲ ಮುಂದೆ ಸಾಲು ನಿಂತೆವು, ಇಬ್ಬರದೇ ಸಾಲು. ಬಾಗಿಲು ತೆರೆಯಲಿಲ್ಲ. "ಚಹಾ ಕುಡೀತಿರಬೇಕು," ಎಂದ ಕಾಕಾ. ಮತ್ತಷ್ಟು ನಿಂತೆವು. ನಾಯಿ ಹಿಡಿದುಕೊಂಡು ಬಂದ ಒಬ್ಬ ಅಜ್ಜಿ ನಮ್ಮನ್ನು ನೋಡಿ ನಿಂತಳು. ನಮ್ಮ ಇಂಗ್ಲಿಷು ಅವಳಿಗೆ ಬೇಡ, ಅವಳ ಫ್ರೆಂಚು ನಮಗೆ ಬಾರದು. ಅಮೆರಿಕದವರನ್ನು ದಿನಾ ಮೋಸಗೊಳಿಸುವ ನನ್ನ ನಾಲಿಗೆ ಅಲ್ಲಿ ಕಸ. ಅವಳು ಬಾಗಿಲು ತೋರಿಸಿ, ಒಂದು ಬೆರಳೆತ್ತಿ ಇಲ್ಲವೆಂದಳು. ಎರಡನೆಯ ಬೆರಳೆತ್ತಿ ಅದೂ ಇಲ್ಲವೆಂದಳು. ಮೂರನೆಯ ಬೆರಳಿಗೆ ಹೌದೆಂದು ತಲೆಯಾಡಿಸಿ ನಕ್ಕಳು. ಇವತ್ತಿಲ್ಲ, ನಾಳೆಯಿಲ್ಲ, ನಾಡಿದ್ದು.

ಗುಡ್ಡ

ಚೀಲದಲ್ಲಿದ್ದದ್ದು ಚಟ್ನಿಪುಡಿ ಮಾತ್ರ. ಬರೀ ಚಟ್ನಿಪುಡಿ ತಿಂದು ಗುಡ್ಡ ಹತ್ತಿದವರ ಹೊಟ್ಟೆಯ ಸುದ್ದಿ ಬೇಡ. ಮೇಲೆ ಹೋದಂತೆ ಊರುಗಳು ಸಣ್ಣವಾದವು, ಬಾಗಿಲುಗಳು ಎಲ್ಲ ಮುಚ್ಚಿಯೇ ಇದ್ದವು. ಸ್ಮಶಾನದ ನಲ್ಲಿಯ ನೀರು ಕುಡಿಯುತ್ತ ಹತ್ತಿದೆವು. ಕಾಕಾನ ಆ ಒಂದೇ ಲಯ ನನ್ನ ಕಣ್ಣೆದುರೇ ಬಿಚ್ಚಿಕೊಂಡಿತು. ಮೊದಲು ಸೈಕಲ್ಲು ಹಾವಿನಂತೆ ಹರಿಯತೊಡಗಿತು. ಆಮೇಲೆ ಇಳಿದು ತಳ್ಳಿದ. ಆಮೇಲೆ ಒಂದು ತಿರುವಿನಲ್ಲಿ ಹುಲ್ಲಿನ ಮೇಲೆ ಕೂತುಬಿಟ್ಟ.

"ಮಂಜ್ಯಾ, ನೀ ಹೋಗು. ಇನ್ನೂ ಹೊತ್ತದ. ನಿನ್ನ ಮೈಯಾಗ ಇನ್ನೂ ಎಣ್ಣಿ ಅದ."

ಇತ್ತು. ವಡಾಪಾವಿನ ಪುಣ್ಯ. ಒಬ್ಬನೇ ಹೋಗಿದ್ದರೆ ಮುಟ್ಟುತ್ತಿದ್ದೆ. ಆದರೆ ಎರಡು ವರ್ಷ ಯಾರ ಓಟಕ್ಕಾಗಿ ಹತ್ತಿದ್ದೆನೋ ಅವನನ್ನು ಹುಲ್ಲಿನ ಮೇಲೆ ಬಿಟ್ಟು ಅವನ ಮುದ್ರೆಯನ್ನು ನಾನು ಒತ್ತಿಸಿಕೊಳ್ಳುವುದೆಂದರೆ ನನಗೆ ಕಾಲೇ ಬರಲಿಲ್ಲ. ಬಿಟ್ಟು ಹೋಗುವುದಿಲ್ಲ ಎಂದರೆ ಕಾಕಾ ಬೈದು ಕಳಿಸುತ್ತಿದ್ದ. ಅದಕ್ಕೆ ನನ್ನ ಕಸುಬಿಗೇ ಕೈ ಹಾಕಿದೆ. ತೊಡೆ ಹಿಡಿದುಕೊಂಡು, ಹಲ್ಲು ಕಚ್ಚಿ, ಅವನ ಪಕ್ಕದಲ್ಲೇ ಉರುಳಿದೆ.

"ಏನಾತೋ?"

"ನರ ಹಿಡೀತು ಕಾಕಾ. ತುಳೀಲಿಕ್ಕೆ ಆಗೂದಿಲ್ಲ."

ಅವನು ಕೂತಲ್ಲಿಂದಲೇ ನನ್ನ ಕಾಲು ನೀವಿದ. ಡಚ್ಚಿನವನು ಬಂದ, ನಿಧಾನ ಮಾಡಿದ. ನಾನು ಕೈ ಬೀಸಿ ಮುಂದೆ ಕಳಿಸಿದೆ. ಅವನ ಬೆನ್ನು ತಿರುವಿನಲ್ಲಿ ಮರೆಯಾಗುವವರೆಗೆ ಕಾಕಾ ನೋಡುತ್ತಲೇ ಇದ್ದ. ಆಮೇಲೆ ಗಡಿಯಾರವನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡ.

ಹೊತ್ತು ಮೀರಿದ ಮೇಲೆ ಸೈಕಲ್ ತಳ್ಳಿಕೊಂಡು ಕೆಳಗಿನ ಒಂದು ಮನೆಗೆ ಇಳಿದೆವು. ಮನೆಯಾಕೆ ನಮ್ಮ ಮುಖ ನೋಡಿದವಳೇ ಏನೂ ಕೇಳದೆ ಒಳಗೆ ಹೋಗಿ ಬ್ರೆಡ್ಡು, ಬೆಣ್ಣೆ, ತರಕಾರಿಯ ಸಾರು ತಂದಿಟ್ಟಳು. ಕಾಕಾ ಬ್ರೆಡ್ಡನ್ನು ಕೈಯಲ್ಲಿ ಹಿಡಿದು ನನ್ನನ್ನು ಕೇಳಿದ:

"ಈಗ ಯಾರು ಕೊಟ್ರೂ ತಿನ್ನಬಹುದಲ್ಲಾ?"

"ತಿನ್ನಬಹುದು ಕಾಕಾ."

ಓಟ ಬಿಟ್ಟವರು ತಾವೇ ಫೋನು ಮಾಡಿ ತಿಳಿಸಬೇಕು ಎಂಬುದೂ ನಿಯಮ. ಕಾಕಾ ಆ ಮನೆಯ ಫೋನು ಹಿಡಿದು, ಎದ್ದು ನೆಟ್ಟಗೆ ನಿಂತು, ಆಫೀಸಿನ ಪತ್ರದ ಇಂಗ್ಲಿಷಿನಲ್ಲಿ ಹೇಳಿದ: "ರೆಸ್ಪೆಕ್ಟೆಡ್ ಮೇಡಂ, ಐ ಬೆಗ್ ಟು ಇನ್‌ಫಾರ್ಮ್ ಯು ದಟ್ ಐ ಆಮ್ ನಾಟ್ ಕಂಟಿನ್ಯೂಯಿಂಗ್." ಆಚೆಯಿಂದ ಏನೋ ಸಮಾಧಾನ ಹೇಳಿದರು. ಕಾಕಾ "ಯುವರ್ಸ್ ಫೇತ್‌ಫುಲಿ" ಎಂದು ಫೋನು ನನ್ನ ಕೈಗೆ ಕೊಟ್ಟ. ಆ ಮಾತನ್ನು ನಾನು ಇವತ್ತಿನವರೆಗೆ ಯಾರ ಮುಂದೆಯೂ ಮಾಡಿ ತೋರಿಸಿಲ್ಲ.

ರೈಲು

ಮರುದಿನ ಪ್ಯಾರಿಸ್ಸಿನ ರೈಲಿನಲ್ಲಿ ಕಾಕಾ ಕಿಟಕಿಗೆ ಕೂತಿದ್ದ. ನಾವು ತುಳಿಯಬೇಕಾಗಿದ್ದ ಗುಡ್ಡಗಳು ತಾವೇ ಹಿಂದಕ್ಕೆ ಹೋಗುತ್ತಿದ್ದವು. ಅವನು ನನ್ನ ಕಡೆ ತಿರುಗಿದ.

"ಮಂಜ್ಯಾ, ನೀ ಎಲ್ಲಾರ ನಕಲು ಛಲೋ ಮಾಡ್ತಿ. ನರ ಹಿಡಿದವರದು ಮಾತ್ರ ನಿನಗ ಬರೂದಿಲ್ಲ ನೋಡು. ಎಡಗಾಲು ಹಿಡಕೊಂಡು ಬಿದ್ದಿ. ಎದ್ದ ಮ್ಯಾಲೆ ಬಲಗಾಲು ಕುಂಟಿದಿ."

ನಾನು ಎರಡೂ ಕಾಲು ಸೀಟಿನ ಕೆಳಗೆ ಎಳೆದುಕೊಂಡೆ.

"ಅಲ್ಲೇ ಯಾಕ ಅನ್ನಲಿಲ್ಲ ಕಾಕಾ?"

"ಎದ್ದಾಗ ಗೊತ್ತಾತು. ಅಷ್ಟೊತ್ತಿಗೆ ಹೊತ್ತು ಮುಗದಿತ್ತು." ಮತ್ತೆ ಕಿಟಕಿಯ ಕಡೆ ತಿರುಗಿದ. "ನೀ ಮುಟ್ಟಿದ್ರ ಆಫೀಸಿನಾಗ ಹೇಳ್ತಿದ್ದೆ, ನಮ್ಮ ಹುಡುಗ ಮುಟ್ಟಿದಾ, ನಾನೇ ಕಲಿಸಿದ್ದು ಅಂತ. ನನಗ ಅಷ್ಟು ಸಾಕಾಗ್ತಿತ್ತೋ."

ಅವನ ಮಾನ ಕಾಯಲು ನಾನು ಕೂತೆ. ನಾನು ಎದ್ದು ಹೋಗಿದ್ದರೆ ಅದು ಉಳಿಯುತ್ತಿತ್ತು. ಇಷ್ಟು ಸರಳವಾದದ್ದು ಆ ಹುಲ್ಲಿನ ಮೇಲೆ ನನಗೆ ಹೊಳೆಯಲಿಲ್ಲ. ಎದುರು ಸೀಟಿನ ಫ್ರೆಂಚ್ ಹೆಂಗಸು ತನ್ನ ಮಗುವಿಗೆ ಬ್ರೆಡ್ಡು ಮುರಿದು ಕೊಡುತ್ತಿದ್ದಳು. ಕಾಕಾ ಮಗುವನ್ನು ನೋಡಿ ನಕ್ಕ. ಕೆಳತುಟಿ ಒಂದಿಷ್ಟು ಒಳಗೆ ಹೋಯಿತು.

ದೇಹೂ ರೋಡ್

ಆ ದಸರೆಗೆ ಕಾಕಾ ಸ್ಕೂಟರ್ ಕೊಂಡ. ಯಾರೂ ಒತ್ತಾಯ ಮಾಡಿರಲಿಲ್ಲ. ನೆಂಟರು ಕೇಳುವುದನ್ನೂ ಬಿಟ್ಟಿದ್ದರು. "ಮೊಣಕಾಲಿಗೆ ಛಲೋ," ಎಂದಷ್ಟೇ ಹೇಳಿದ. ಕಾಕು ಹೂವು ಕಟ್ಟಿ, ಅರಿಷಿಣ ಕುಂಕುಮ ಹಚ್ಚಿ, ಲಿಂಬೆಹಣ್ಣು ಇಟ್ಟಳು. ಗುಡ್ಡ ಇಳಿಯುವಾಗ ಬ್ರೇಕು ಹಿಡಿಯದವನಿಗೆ ಈ ಗಾಡಿಯನ್ನು ನೇರ ನಿಲ್ಲಿಸಲಿಕ್ಕೂ ಬರುತ್ತಿರಲಿಲ್ಲ. ಮೊದಲ ದಿನ ಆಫೀಸಿಗೆ ಹೋಗುವಾಗ ಹಿಂದೆ ಕೂಡಲು ನನ್ನನ್ನು ಕರೆದ.

ಬೆಳಗಿನ ಪಾಳಿಯ ಹೊತ್ತು. ದಂಡಿನ ರಸ್ತೆಯಲ್ಲಿ ಮರಗಳ ನೆರಳು. ನಮ್ಮ ಮುಂದೆ ಒಬ್ಬರು ಸೈಕಲ್ಲಿನಲ್ಲಿ ಹೋಗುತ್ತಿದ್ದರು, ಊಟದ ಡಬ್ಬಿ ಹ್ಯಾಂಡಲಿಗೆ ನೇತುಹಾಕಿಕೊಂಡು, ಪ್ಯಾಂಟಿಗೆ ಕ್ಲಿಪ್ಪು ಹಾಕಿಕೊಂಡು. ಕಾಕಾನ ಆಫೀಸಿನವರೇ ಎಂದು ಅವನು ಗಾಡಿಯ ವೇಗ ಇಳಿಸಿದಾಗ ತಿಳಿಯಿತು. ಇಳಿಸಿದವನು ಮತ್ತೆ ಏರಿಸಲಿಲ್ಲ. ಅವರ ಹಿಂದೆ, ಮೊದಲ ಗೇರಿನಲ್ಲಿ, ಗಾಡಿ ಗುರುಗುಡುತ್ತ ತೂರಾಡುತ್ತ ಬಂತು. ನಮ್ಮ ಹಿಂದಿನವರೆಲ್ಲ ಹಾರ್ನ್ ಹೊಡೆದು ಬೈದು ಹೋದರು. ಉಗ್ರಾಣದ ಗೇಟು ದೂರದಲ್ಲಿ ಕಾಣುತ್ತಿತ್ತು.

"ದಾಟಿ ಹೋಗು ಕಾಕಾ," ಎಂದೆ.

"ಇರಲಿ ತಡಿ," ಎಂದ ಕಾಕಾ. "ಅವರು ಮೊದಲು ಮುಟ್ಟಲಿ."